ಅಜ್ಜಿ ಪುಸ್ತಕವನ್ನು ತಲೆಕೆಳಗಾಗಿ ಏಕೆ ಹಿಡಿಯುತ್ತಿದ್ದರು?

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ಮಮತೆಯ ಮಡಿಲು, ನಂಬಿಕೆಯ ಬೆಳಕು’ ಎಂಬ ನಿಮ್ಮ ಲೇಖನ ತಲುಪಿತು. ಕಳೆದ ವರ್ಷ ತೀರಿಕೊಂಡ ನಿಮ್ಮ ಅಜ್ಜಿಯ ನೆನಪಿಗಾಗಿ ಬರೆದದ್ದು, ಒಂಬತ್ತು ಪುಟ. ಜೊತೆಗೆ ಒಂದು ಫೋಟೊ, ಒಂದು ಪತ್ರ. ಅಜ್ಜಿ ಹೋಗಿ ವರ್ಷ ತುಂಬುವ ಹೊತ್ತಿಗೆ ಪ್ರಕಟವಾದರೆ ಮನೆಯವರಿಗೆಲ್ಲ ಸಂತೋಷ ಎಂದು ಪತ್ರದಲ್ಲಿ ಹೇಳಿದ್ದೀರಿ. ‘ದಾಕ್ಷಿಣ್ಯವಿಲ್ಲದೆ ಅಭಿಪ್ರಾಯ ತಿಳಿಸಿ’ ಎಂದೂ ಬರೆದಿದ್ದೀರಿ. ಈ ಮಾತನ್ನು ಬಹಳ ಜನ ಬರೆಯುತ್ತಾರೆ. ಅದನ್ನು ನಂಬಿ ದಾಕ್ಷಿಣ್ಯ ಬಿಟ್ಟರೆ ಮತ್ತೆ ಅವರಿಂದ ಕಾಗದ ಬರುವುದಿಲ್ಲ. ಆದರೂ ನಿಮ್ಮನ್ನು ನಂಬುತ್ತೇನೆ.

ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆಯ ದೋಷವೇನೂ ಇಲ್ಲ. ಒಂಬತ್ತು ಪುಟಕ್ಕೆ ಎರಡೇ ಕಾಗುಣಿತದ ತಪ್ಪು, ನಮ್ಮ ಕಚೇರಿಗೆ ಬರುವ ಹಸ್ತಪ್ರತಿಗಳಲ್ಲಿ ಅದು ಅಪರೂಪ. ತೊಂದರೆ ಬೇರೆಯದು. ನೀವು ಅಜ್ಜಿಯನ್ನು ಹೊಗಳಿದ್ದೀರಿ, ನೆನಪಿಸಿಕೊಂಡಿಲ್ಲ.

ಮೊದಲ ಮೂರು ಪುಟಗಳನ್ನು ಪೆನ್ಸಿಲ್ ಹಿಡಿದು ಓದಿದೆ. ಕರುಣಾಮಯಿ, ತ್ಯಾಗಮಯಿ, ಸಹನೆಯಲ್ಲಿ ಭೂಮಿ, ನೆರಳು ನೀಡಿದ ಹೆಮ್ಮರ, ಮನೆಯ ಆಧಾರಸ್ತಂಭ, ನಂದಾದೀಪ. ‘ಅಪಾರ’ ಎಂಬ ಪದ ಹದಿನಾಲ್ಕು ಸಲ ಬಂದಿದೆ: ಅಪಾರ ಪ್ರೀತಿ, ಅಪಾರ ದೈವಭಕ್ತಿ, ಅಪಾರ ವಿದ್ಯಾಭಿಮಾನ. ಈ ಮೂರು ಪುಟಗಳಿಂದ ನಿಮ್ಮ ಅಜ್ಜಿಯ ಹೆಸರು ತೆಗೆದು ನನ್ನ ಅಜ್ಜಿಯ ಹೆಸರು ಸೇರಿಸಿದರೆ ಇನ್ನೊಂದಕ್ಷರ ಬದಲಿಸಬೇಕಾಗಿಲ್ಲ. ನನ್ನ ಅಜ್ಜಿಯಾದರೋ ಯಾರ ಮಾತನ್ನೂ ಸಹಿಸಿದವರಲ್ಲ, ದೇವರ ಜೊತೆಗೂ ಜಗಳ ಕಾಯುತ್ತಿದ್ದವರು. ಆದರೂ ಲೇಖನ ಅಳತೆ ಕೊಟ್ಟು ಹೊಲಿಸಿದಂತೆ ಅವರಿಗೆ ಒಪ್ಪುತ್ತದೆ. ಹೆಮ್ಮರ ಎಂದ ಕೂಡಲೇ ಓದುಗನಿಗೆ ಕಾಣುವುದು ಮರ. ಅಜ್ಜಿ ಅದರ ಹಿಂದೆ ಎಲ್ಲೋ ನಿಂತಿರುತ್ತಾರೆ.

ನಾಲ್ಕನೇ ಪುಟದ ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ, ಹೀಗೊಂದು ಮಾತಿದೆ: ‘ಅಜ್ಜಿ ಪುಸ್ತಕವನ್ನು ಯಾವಾಗಲೂ ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಚಿಕ್ಕವರಿದ್ದಾಗ ನಾವೆಲ್ಲ ನಗುತ್ತಿದ್ದೆವು.’ ಅದಾದ ಮೇಲೆ ಮತ್ತೆ ನಂದಾದೀಪ.

ನಾನು ಅಲ್ಲೇ ನಿಂತೆ. ಮೇಜಿನ ಮೇಲಿದ್ದ ಒಂದು ಪುಸ್ತಕವನ್ನು ತಿರುಗಿಸಿ ಓದಲು ನೋಡಿದೆ. ನೀವೂ ಒಮ್ಮೆ ಮಾಡಿ ನೋಡಿ. ತಲೆಕಟ್ಟುಗಳೆಲ್ಲ ಕಾಲಡಿಗೆ ಬಂದಿರುತ್ತವೆ. ಒತ್ತಕ್ಷರ ಹೆಗಲೇರಿ ಕುಳಿತಿರುತ್ತದೆ. ಸಾಲು ಬಲದಿಂದ ಎಡಕ್ಕೆ ಓಡುತ್ತದೆ, ಪುಟ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ನಲವತ್ತು ವರ್ಷ ಅಚ್ಚಿನ ಕರಡು ತಿದ್ದಿದ ಕಣ್ಣು ನನ್ನದು. ಎರಡು ಸಾಲಿಗೆ ಸೋತುಹೋಯಿತು. ನಿಮ್ಮ ಅಜ್ಜಿ ಜೀವನವಿಡೀ ಹಾಗೆ ಓದಿದರು ಎನ್ನುತ್ತೀರಿ, ಅದೂ ಆವರಣದೊಳಗೆ.

ಒಬ್ಬರು ಹಾಗೆ ಓದಲು ಕಲಿಯುವುದು ಹೇಗೆ? ನನಗೆ ಹೊಳೆಯುವುದು ಒಂದೇ ದಾರಿ. ಇರುವುದೊಂದು ಪುಸ್ತಕ, ಅದರ ಎದುರುಬದುರು ಇಬ್ಬರು. ಪಾಠ ಒಬ್ಬರಿಗೆ ಮಾತ್ರ. ಇನ್ನೊಬ್ಬರು ಬೇರೇನೋ ಕೆಲಸ ಮಾಡುತ್ತ ಎದುರಿನಿಂದ ಕದ್ದು ನೋಡುತ್ತಾರೆ, ಅಕ್ಷರಗಳು ಅವರ ಮನಸ್ಸಿನಲ್ಲಿ ತಲೆಕೆಳಗಾಗಿಯೇ ಮೂಡುತ್ತವೆ. ಆದರೆ ಆ ಪಾಠ ಯಾರದು? ಅಣ್ಣನದಾಗಿದ್ದರೆ ಅದು ಒಬ್ಬ ಹುಡುಗಿಯ ಕಥೆ. ಗಂಡನೇ ಯಾರಿಗಾದರೂ ಪಾಠ ಹೇಳುತ್ತಿದ್ದರೆ ಇನ್ನೊಂದು ಕಥೆ. ಮೂವತ್ತು ದಾಟಿದ ಮೇಲೆ, ಹೊಟ್ಟೆಯ ಮಕ್ಕಳು ಓದುವಾಗ ಎದುರು ಕುಳಿತು ಕಲಿತಿದ್ದರೆ ಅದು ಮತ್ತೂ ಬೇರೆಯ ಕಥೆ. ಮೂರರಲ್ಲಿ ಯಾವುದೋ ನನಗೆ ಗೊತ್ತಿಲ್ಲ, ಮೂರೂ ಅಲ್ಲದಿರಬಹುದು. ದಯವಿಟ್ಟು ನನ್ನ ಊಹೆಯನ್ನು ಲೇಖನಕ್ಕೆ ಸೇರಿಸಿಬಿಡಬೇಡಿ. ಸಂಪಾದಕರ ಊಹೆಗಳು ಹೀಗೆಯೇ ಮನೆತನದ ಇತಿಹಾಸವಾಗಿಬಿಡುತ್ತವೆ. ಮನೆಯಲ್ಲಿ ಕೇಳಿ.

19ನೇ ಶತಮಾನದ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿಯಿದ್ದರು. ತುಂಬಿದ ಸಂಸಾರ, ಹೆಂಗಸರು ಓದುವುದು ನಿಷಿದ್ಧವೆಂದು ತಿಳಿದಿದ್ದ ಕಾಲ. ಅವರಿಗೆ ಧರ್ಮಗ್ರಂಥವನ್ನು ತಾವೇ ಓದಬೇಕೆಂಬ ಆಸೆ. ‘ಚೈತನ್ಯ ಭಾಗವತ’ದ ಒಂದು ಹಾಳೆಯನ್ನು ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡರು. ಮಗ ಅಕ್ಷರ ತಿದ್ದಿದ ತಾಳೆಗರಿಯೊಂದನ್ನೂ ಕದ್ದರು. ಎರಡನ್ನೂ ಹೋಲಿಸಿ ನೋಡುತ್ತ, ಯಾರಿಗೂ ತಿಳಿಯದಂತೆ ಓದಲು ಕಲಿತರು. ಮುಂದೆ ತಮ್ಮ ಬದುಕಿನ ಕಥೆಯನ್ನು ತಾವೇ ಬರೆದರು. ಅವರಿಗೆ ‘ಅಪಾರ ವಿದ್ಯಾಭಿಮಾನ’ವಿತ್ತು ಎಂದು ಯಾರಾದರೂ ಬರೆದಿದ್ದರೆ ಆ ಮಾತು ನನಗೆ ಇವತ್ತು ನೆನಪಿರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಬಚ್ಚಿಟ್ಟ ಆ ಒಂದು ಹಾಳೆ ನೆನಪಿದೆ. ಕುಟುಂಬ, ದೇವರು, ಅಕ್ಷರ ಎಂದು ನೀವು ಮೂರು ಉಪಶೀರ್ಷಿಕೆ ಹಾಕಿ ಬೇರೆ ಬೇರೆ ಮಾಡಿದ್ದೆಲ್ಲ ಆ ಹಾಳೆಯಲ್ಲಿ ಒಟ್ಟಿಗೇ ಇದೆ. ನಿಮ್ಮ ಅಜ್ಜಿಯ ತಲೆಕೆಳಗಾದ ಪುಸ್ತಕದಲ್ಲೂ ಇರಬಹುದು ಎಂಬ ಗುಮಾನಿ ನನ್ನದು. ಅವರು ಓದುತ್ತಿದ್ದದ್ದು ಪ್ರಾರ್ಥನೆಯ ಪುಸ್ತಕವನ್ನೇ ಎಂದು ಏಳನೇ ಪುಟದಲ್ಲಿ ಹೇಳುತ್ತೀರಿ.

ಹೊಗಳಿಕೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಹಿರಿಯ ಹೆಣ್ಣುಮಗಳೊಬ್ಬಳನ್ನು ಹೊಗಳುವ ಪರಂಪರೆ ಸಾವಿರ ವರ್ಷಕ್ಕೂ ಹಳೆಯದು. 10ನೇ ಶತಮಾನದ ಅತ್ತಿಮಬ್ಬೆಯನ್ನು ರನ್ನ ಬಾಯಿತುಂಬ ಹೊಗಳಿದ್ದಾನೆ. ‘ದಾನಚಿಂತಾಮಣಿ’ ಎಂಬ ಬಿರುದು ಇವತ್ತಿಗೂ ಅವಳ ಹೆಸರಿನ ಹಿಂದೆಯೇ ಬರುತ್ತದೆ. ಆದರೆ ಶಾಲೆಯ ಹುಡುಗರನ್ನು ಕೇಳಿದರೂ ಅವರು ಹೇಳುವುದು ಬಿರುದನ್ನಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂದೇ ಹೇಳುತ್ತಾರೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ಒಂದೊಂದು ಗರಿಯನ್ನೂ ಕೈಯಲ್ಲೇ ಬರೆಯಬೇಕಿದ್ದ ಕಾಲದಲ್ಲಿ, ಸಾವಿರ! ಎಷ್ಟು ಮಂದಿ ಲಿಪಿಕಾರರು, ಎಷ್ಟು ತಾಳೆಗರಿ ಎಂದು ಮನಸ್ಸು ತಾನಾಗಿ ಲೆಕ್ಕ ಹಾಕತೊಡಗುತ್ತದೆ. ಹಾಗೆ ಲೆಕ್ಕ ಹಾಕುವಾಗ ಅವಳು ಎದುರು ಬಂದು ನಿಲ್ಲುತ್ತಾಳೆ. ಬಿರುದು ಉಳಿದದ್ದೂ ಆ ಸಾವಿರದ ಬಲದಿಂದ. ನಿಮ್ಮ ಲೇಖನದಲ್ಲಿ ಬಿರುದುಗಳಿವೆ, ಸಾವಿರ ಇಲ್ಲ.

ನಿಮ್ಮನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ, ನನ್ನದೊಂದು ಹೇಳುತ್ತೇನೆ. ಅಮ್ಮ ತೀರಿಕೊಂಡ ವರ್ಷ ನಾನೂ ಇಂಥದ್ದೇ ಒಂದು ಲೇಖನ ಬರೆದಿದ್ದೆ. ಅದರಲ್ಲಿ ‘ನನ್ನ ತಾಯಿ ಒಂದು ದಿನವೂ ಸಿಟ್ಟಾದವರಲ್ಲ’ ಎಂಬ ವಾಕ್ಯವಿತ್ತು. ಬರೆಯುವಾಗ ಕಣ್ಣು ತೇವವಾಗಿತ್ತು, ಆದ್ದರಿಂದ ಅದು ಸತ್ಯವೆಂದೇ ನಂಬಿದ್ದೆ. ಅಕ್ಕನಿಗೆ ಓದಲು ಕೊಟ್ಟೆ. ಏನೂ ಹೇಳದೆ ವಾಪಸು ಕೊಟ್ಟಳು. ಆ ವಾಕ್ಯದ ಪಕ್ಕ, ಅಂಚಿನಲ್ಲಿ, ಒಂದೇ ಪದ ಬರೆದಿದ್ದಳು: ‘ಸ್ಲೇಟು?’

ಅಕ್ಷರ ಕಲಿಯುವಾಗ ನನಗೆ ‘ಮ’ ಬರೆಯಲು ಬರುತ್ತಿರಲಿಲ್ಲ. ಅದರ ಬಾಲ ಮರೆತು ‘ವ’ ಮಾಡಿಬಿಡುತ್ತಿದ್ದೆ. ‘ಅಮ್ಮ’ ಎಂದು ಬರೆ ಎಂದರೆ ‘ಅವ್ವ’ ಎಂದು ಬರೆಯುತ್ತಿದ್ದೆ, ಎರಡಕ್ಕೂ ಅರ್ಥ ಒಂದೇ ಅಲ್ಲವೇ ಎಂದು ವಾದಿಸುತ್ತಿದ್ದೆ. ನಾಲ್ಕನೇ ಸಲ ಹಾಗೆ ವಾದಿಸಿದಾಗ ಅಮ್ಮ ಸ್ಲೇಟು ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಿದರು. ಮರದ ಚೌಕಟ್ಟಿದ್ದುದರಿಂದ ಅದು ಎರಡು ಹೋಳಾಗಲಿಲ್ಲ, ಅಡ್ಡಲಾಗಿ ಬಿರುಕು ಬಿಟ್ಟಿತು. ಹೊಸದು ಬರಲಿಲ್ಲ. ಇಡೀ ವರ್ಷ ಬಳಪ ಆ ಬಿರುಕು ದಾಟುವಾಗ ‘ಟಕ್’ ಎನ್ನುತ್ತಿತ್ತು. ಮನೆಯ ಯಾವ ಮೂಲೆಯಲ್ಲಿದ್ದರೂ ಅಮ್ಮ ಆ ಸದ್ದಿಗೆ ತಲೆ ಎತ್ತಿ ನೋಡುತ್ತಿದ್ದರು. ನನ್ನ ಲೇಖನದಲ್ಲಿ ಈ ಸದ್ದು ಇರಲಿಲ್ಲ. ಮೂವತ್ತು ವರ್ಷದ ಹಿಂದಿನ ಆ ಲೇಖನವನ್ನು ಈಗ ಹುಡುಕಿ ಓದುವ ಧೈರ್ಯ ನನಗಿಲ್ಲ.

ಮರೆವು ಇದನ್ನೆಲ್ಲ ಒಬ್ಬಂಟಿಯಾಗಿ ಮಾಡುವುದಿಲ್ಲ, ಮತ್ತೆ ಮತ್ತೆ ಹೇಳುವ ಅಭ್ಯಾಸವೂ ಅದರ ಜೊತೆಗಿರುತ್ತದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ದಿನಗಳು ಕಳೆದ ಮೇಲೆ ಅದನ್ನು ನೆನಪಿನಿಂದ ಬರೆಯಿಸುತ್ತಿದ್ದರು. ಅವರಿಗೆ ಅಪರಿಚಿತವಾದದ್ದು ಮೊದಲು ಜಾರಿಹೋಗುತ್ತಿತ್ತು, ಇಲ್ಲವೇ ಪರಿಚಿತ ವಸ್ತುವಿನ ವೇಷ ಹಾಕಿಕೊಳ್ಳುತ್ತಿತ್ತು. ಕಥೆಯಲ್ಲಿ ಯುವಕರು ಸೀಲ್ ಎಂಬ ಕಡಲಪ್ರಾಣಿಯ ಬೇಟೆಗೆ ಹೋಗಿದ್ದರೆ, ನೆನಪಿನಲ್ಲಿ ಅವರು ಮೀನು ಹಿಡಿಯಲು ಹೋಗಿರುತ್ತಿದ್ದರು. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ವರ್ಷವಿಡೀ ಅಜ್ಜಿಯ ಮಾತು ನಡೆದಿದೆ, ಬಂದವರಿಗೆಲ್ಲ ಹೇಳಿದ್ದೀರಿ, ಬಂದವರೂ ಹೇಳಿದ್ದಾರೆ. ಅಷ್ಟರಲ್ಲಿ ಸೀಲ್‌ಗಳೆಲ್ಲ ಮೀನಾಗಿವೆ. ಆವರಣದೊಳಗೆ ಒಂದೇ ಒಂದು ಸೀಲ್ ಉಳಿದುಕೊಂಡಿದೆ. ಅದು ವಿಚಿತ್ರವಾಗಿದೆ ಎಂದೇ ನೀವು ಅದನ್ನು ಆವರಣದಲ್ಲಿ ಬಚ್ಚಿಟ್ಟಿರಿ ಎಂದು ನನ್ನ ಅನುಮಾನ.

ಆರನೇ ಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನ್ನೊಂದು ಮೊಮ್ಮಕ್ಕಳ ಪದವಿ, ಹುದ್ದೆ, ಈಗ ಇರುವ ದೇಶ. ಅದು ಮನೆತನದ ಹಾಜರಿ ಪುಸ್ತಕ, ಮನೆಯಲ್ಲೇ ಇರಲಿ.

ಏಳನೇ ಪುಟಕ್ಕೆ ಬರುತ್ತೇನೆ. ಅಲ್ಲಿ ‘ಅಜ್ಜಿಯ ದೈವಭಕ್ತಿ ಅಚಲವಾಗಿತ್ತು’ ಎಂದು ಆರಂಭಿಸುತ್ತೀರಿ. ದಿನವೂ ಬೆಳಗಿನ ಜಾವ ಪ್ರಾರ್ಥನೆಯ ಪುಸ್ತಕ ಹಿಡಿದು ಕೂರುತ್ತಿದ್ದರು ಎನ್ನುತ್ತೀರಿ. ಆಮೇಲೆ, ಎಡವಿದವರಂತೆ, ಒಂದು ವಾಕ್ಯ: ‘ಚಿಕ್ಕಪ್ಪ ತೀರಿಕೊಂಡ ವರ್ಷ ಎಂಟು ತಿಂಗಳು ಆ ಪುಸ್ತಕ ಟ್ರಂಕಿನಲ್ಲೇ ಇತ್ತು.’ ಅಲ್ಲಿಂದ ಓಡೋಡಿ ‘ಆದರೂ ಅವರ ನಂಬಿಕೆ ಕಿಂಚಿತ್ತೂ ಕದಲಲಿಲ್ಲ’ ಎಂದು ಮುಗಿಸುತ್ತೀರಿ.

ಕದಲಿತು. ನೀವೇ ಹೇಳುತ್ತಿದ್ದೀರಿ, ಎಂಟು ತಿಂಗಳು. ಕೈಗೆ ಬಂದ ಮಗನನ್ನು ಕಳೆದುಕೊಂಡ ತಾಯಿ ದೇವರ ಜೊತೆ ಮಾತು ಬಿಟ್ಟರು. ಅದನ್ನು ಮುಚ್ಚುವ ಆತುರ ನಿಮಗೇಕೆ? ಅಜ್ಜಿಯ ಭಕ್ತಿಗೆ ಕುಂದು ಬಂದೀತು ಎಂದೇ? ನನಗೆ ಆ ಪುಟದಲ್ಲಿ ಭಕ್ತಿ ಕಂಡದ್ದೇ ಅಲ್ಲಿ. ನಂಬದ ದೇವರ ಮೇಲೆ ಯಾರೂ ಎಂಟು ತಿಂಗಳು ಮುನಿಸಿಕೊಳ್ಳುವುದಿಲ್ಲ. ಆ ಎಂಟು ತಿಂಗಳು ಬೆಳಗಿನ ಜಾವ ಅವರು ಏಳುತ್ತಿದ್ದರೇ? ಎದ್ದು ಬರಿಗೈಯಲ್ಲಿ ಅದೇ ಜಾಗದಲ್ಲಿ ಕೂರುತ್ತಿದ್ದರೇ, ಇಲ್ಲ ಬೇರೆ ಕೆಲಸ ಹುಡುಕಿಕೊಂಡರೇ? ಪುಸ್ತಕವನ್ನು ಟ್ರಂಕಿನಿಂದ ಮತ್ತೆ ತೆಗೆದದ್ದು ಯಾವ ದಿನ? ಏನಾಯಿತು ಅವತ್ತು? ಬಹುಶಃ ಏನೂ ಆಗಿರಲಿಕ್ಕಿಲ್ಲ. ಹಾಗಿದ್ದರೆ ಏನೂ ಆಗಲಿಲ್ಲ ಎಂದೇ ಬರೆಯಿರಿ.

ಇನ್ನು ನಿಮ್ಮ ದೊಡ್ಡತ್ತೆ. ಇದನ್ನು ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ‘ಮಕ್ಕಳೆಲ್ಲರನ್ನೂ ಓದಿಸಲೇಬೇಕೆಂದು ಅಜ್ಜಿ ಹಟ ತೊಟ್ಟರು’ ಎಂದು ಐದನೇ ಪುಟದಲ್ಲಿದೆ. ಅದರ ಕೆಳಗಿನ ಪ್ಯಾರಾದಲ್ಲಿ ‘ದೊಡ್ಡತ್ತೆ ಏಳನೇ ತರಗತಿಗೆ ಓದು ಬಿಟ್ಟು ಸಂತೋಷದಿಂದ ತಮ್ಮಂದಿರನ್ನು ನೋಡಿಕೊಂಡರು’ ಎಂದಿದೆ. ‘ಎಲ್ಲರನ್ನೂ’ ಎಂಬ ಪದದೊಳಗೆ ದೊಡ್ಡತ್ತೆ ಇಲ್ಲ. ‘ಸಂತೋಷದಿಂದ’ ಎಂಬ ಪದ ಎಲ್ಲಿಂದ ಬಂತು? ಅವರೇ ಹೇಳಿದರೇ, ಅಥವಾ ವಾಕ್ಯ ಚೆನ್ನಾಗಿ ಮುಗಿಯಲಿ ಎಂದು ನೀವು ಸೇರಿಸಿದಿರೇ?

ಅಕ್ಷರಕ್ಕಾಗಿ ಅಷ್ಟು ಹಂಬಲಿಸಿದ ಹೆಂಗಸು, ಪುಸ್ತಕವನ್ನು ತಲೆಕೆಳಗಾಗಿ ಓದುವಷ್ಟು ಹಂಬಲಿಸಿದ ಹೆಂಗಸು, ತನ್ನ ಹಿರಿಯ ಮಗಳನ್ನೇ ಶಾಲೆ ಬಿಡಿಸಿದರು. ಅವರಿಗೆ ಅದು ತಿಳಿದಿರಲಿಲ್ಲವೇ? ತಿಳಿದೂ ಬೇರೆ ದಾರಿ ಇರಲಿಲ್ಲವೇ? ಆಮೇಲೆ ಆ ಬಗ್ಗೆ ಮಾತಾಡಿದರೇ? ಇದನ್ನು ಬರೆದರೆ ಅಜ್ಜಿಯನ್ನು ದೂರಿದಂತಾಗುತ್ತದೆ ಎಂದು ನಿಮಗೆ ಅನ್ನಿಸುವುದು ಸಹಜ. ಹಾಗಾಗಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಸುಸಾನಾ ವೆಸ್ಲಿ ಎಂಬ ತಾಯಿಯಿದ್ದಳು. ಹತ್ತೊಂಬತ್ತು ಹೆತ್ತು ಒಂಬತ್ತನ್ನು ಎಳೆತನದಲ್ಲೇ ಕಳೆದುಕೊಂಡು, ಉಳಿದವರಿಗೆ ಮನೆಯಲ್ಲೇ ಪಾಠ ಹೇಳಿದವಳು. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದ ಜಾನ್ ವೆಸ್ಲಿಯ ತಾಯಿ. ಮಕ್ಕಳನ್ನು ಬೆಳೆಸಿದ ರೀತಿಯ ಬಗ್ಗೆ ಮಗನಿಗೆ 1732ರಲ್ಲಿ ಒಂದು ಪತ್ರ ಬರೆದಳು. ಮಗುವಿಗೆ ಐದು ವರ್ಷ ತುಂಬಿದ ಮೇಲೆ ಅಕ್ಷರಮಾಲೆ ಕಲಿಯಲು ಒಂದೇ ದಿನ ಕೊಡುತ್ತಿದ್ದಳಂತೆ. ಎಲ್ಲರೂ ಒಂದು ದಿನದಲ್ಲಿ ಕಲಿತರು, ಮಾಲಿ ಮತ್ತು ನ್ಯಾನ್ಸಿ ಮಾತ್ರ ಒಂದೂವರೆ ದಿನ ತೆಗೆದುಕೊಂಡರು, ಆಗ ಅವರನ್ನು ಬಹಳ ಮಂದ ಎಂದುಕೊಂಡಿದ್ದೆ ಎನ್ನುತ್ತಾಳೆ. ವರ್ಷ ತುಂಬಿದ ಮಕ್ಕಳಿಗೆ ಬೆತ್ತಕ್ಕೆ ಹೆದರುವುದನ್ನೂ ಸದ್ದಿಲ್ಲದೆ ಅಳುವುದನ್ನೂ ಕಲಿಸುತ್ತಿದ್ದೆವು ಎಂದೂ ಬರೆದಿದ್ದಾಳೆ. ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಅರ್ಧ ದಿನದ ಲೆಕ್ಕ ಇಟ್ಟ ತಾಯಿ ಎರಡೂಮುಕ್ಕಾಲು ಶತಮಾನ ಕಳೆದರೂ ಸತ್ತಿಲ್ಲ. ಅವಳನ್ನು ‘ಕರುಣಾಮಯಿ’ ಎಂದು ಕರೆದು ಮುಗಿಸಿದ್ದರೆ ಮಾಲಿ, ನ್ಯಾನ್ಸಿ ಇಬ್ಬರೂ ಅವಳ ಜೊತೆ ಮಾಯವಾಗುತ್ತಿದ್ದರು.

ನಿಮ್ಮ ದೊಡ್ಡತ್ತೆ ಹಾಗೆ ಮಾಯವಾಗಬಾರದು ಎಂಬುದು ನನ್ನ ಕಳವಳ. ಅವರಿಗೀಗ ಎಂಬತ್ತೆರಡು ಎಂದು ಬರೆದಿದ್ದೀರಿ. ಅಜ್ಜಿ ಎದುರು ಕುಳಿತು ಯಾರ ಪುಸ್ತಕ ನೋಡಿ ಕಲಿತರು ಎಂಬುದು ಗೊತ್ತಿರುವವರು ಇದ್ದರೆ ಅವರೊಬ್ಬರೇ ಇರಬೇಕು. ಎಂಟು ತಿಂಗಳ ವಿಷಯ ಗೊತ್ತಿರುವವರೂ ಅವರೇ. ಹೋಗಿ ಕುಳಿತುಕೊಳ್ಳಿ. ಪ್ರಶ್ನಾವಳಿ ತೆಗೆದುಕೊಂಡು ಹೋಗಬೇಡಿ, ಮೊಬೈಲ್ ರೆಕಾರ್ಡಿಂಗ್ ಹಚ್ಚಿ ಎದುರಿಗಿಡಬೇಡಿ. ವಯಸ್ಸಾದವರು ಆ ಕೆಂಪು ಚುಕ್ಕೆ ನೋಡಿದರೆ ಭಾಷಣ ಶುರುಮಾಡುತ್ತಾರೆ, ಭಾಷಣದಲ್ಲಿ ಎಲ್ಲರೂ ಕರುಣಾಮಯಿಗಳೇ. ಅವರ ಶಾಲೆಯ ಕೊನೆಯ ದಿನದ ಬಗ್ಗೆ ಕೇಳಿ. ಅವರು ಮಾತು ಬೇರೆ ಕಡೆ ತಿರುಗಿಸಿದರೆ ಬಿಟ್ಟುಬಿಡಿ. ಒಬ್ಬರ ನೋವನ್ನು ಕೆದಕಿ ತೆಗೆದು ಅಚ್ಚು ಹಾಕಿಸುವಷ್ಟು ದೊಡ್ಡದಲ್ಲ ಯಾವ ಲೇಖನವೂ. ಮತ್ತು ಬರೆದದ್ದನ್ನು ನನಗೆ ಕಳಿಸುವ ಮೊದಲು ಅವರಿಗೆ ಓದಿ ಹೇಳಿ. ‘ಸಂತೋಷದಿಂದ’ ಎಂಬ ಪದ ಇರಬೇಕೋ ಬೇಡವೋ ಅವರು ತೀರ್ಮಾನಿಸಲಿ.

ತಿದ್ದುವಾಗ ಮೊದಲ ಮೂರು ಪುಟ ಪೂರ್ತಿ ತೆಗೆಯಿರಿ, ಕೊನೆಯ ಪುಟದ ಕವನವನ್ನೂ. ಕವನ ಕೆಟ್ಟದ್ದೆಂದಲ್ಲ, ಅಷ್ಟು ಹೊತ್ತಿಗೆ ಓದುಗನಿಗೆ ಅಜ್ಜಿಯ ಜೊತೆ ಒಂದು ಕ್ಷಣ ಸುಮ್ಮನೆ ಕೂರಬೇಕೆನಿಸಿರುತ್ತದೆ, ಅಲ್ಲಿ ಪ್ರಾಸ ಬೇಡ. ‘ಅಪಾರ’ವನ್ನು ಎಲ್ಲೂ ಉಳಿಸಬೇಡಿ. ತಲೆಕೆಳಗಾದ ಪುಸ್ತಕದಿಂದ ಶುರುಮಾಡಬಹುದು, ಆದರೆ ಕಾರಣವನ್ನು ಅಲ್ಲೇ ಹೇಳಿಬಿಡಬೇಡಿ. ಮಕ್ಕಳು ನಕ್ಕಾಗ ಅಜ್ಜಿ ಏನು ಮಾಡುತ್ತಿದ್ದರು ಎಂಬುದನ್ನು ಬರೆಯಿರಿ. ನೀವೂ ನಗುತ್ತಿದ್ದಿರಿ ಎಂಬುದನ್ನು ಬಿಡಬೇಡಿ. ಆ ನಗು ನಿಂತದ್ದು ಯಾವಾಗ ಎಂಬುದು ನಿಮಗೇ ನೆನಪಿದ್ದರೆ, ಆ ದಿನವನ್ನೂ. ಉದ್ದ ನಾಲ್ಕು ಪುಟ ಸಾಕು. ನಾಲ್ಕು ಪುಟದ ಅಜ್ಜಿ ಒಂಬತ್ತು ಪುಟದ ಅಜ್ಜಿಗಿಂತ ದೊಡ್ಡವರಾಗಿ ಕಂಡರೆ ಆಶ್ಚರ್ಯಪಡಬೇಡಿ.

ವರ್ಷ ತುಂಬುವ ದಿನಕ್ಕೆ ಇದು ಸಿದ್ಧವಾಗಲಾರದು. ಮನೆಯವರಿಗೆ ನಿರಾಸೆಯಾಗುತ್ತದೆ ಎಂಬುದು ಗೊತ್ತು. ಈ ಒಂಬತ್ತು ಪುಟವನ್ನೇ ಪ್ರತಿ ಮಾಡಿ ಅವತ್ತು ಎಲ್ಲರಿಗೂ ಹಂಚಿ, ಅದಕ್ಕೆ ಅದು ಒಳ್ಳೆಯ ಬರಹವೇ. ನಾನು ಕೇಳುತ್ತಿರುವುದು ಇನ್ನೊಂದು ಬರಹವನ್ನು. ಅದು ಯಾವಾಗ ಬಂದರೂ ಮೊದಲು ತೆರೆದು ಓದುತ್ತೇನೆ.

ಇಂತಿ,
ಸಂಪಾದಕ

ಮರೆತಿದ್ದೆ. ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ ಹಿಂದಿರುಗಿಸುತ್ತಿದ್ದೇನೆ. ಫೋಟೊಗ್ರಾಫರು ಹೇಳಿದ ಕಡೆಗೆ ಅಜ್ಜಿ ನೋಡುತ್ತಿದ್ದಾರೆ, ಅಷ್ಟೇ. ಆ ಪ್ರಾರ್ಥನೆಯ ಪುಸ್ತಕ ಮನೆಯಲ್ಲಿ ಇನ್ನೂ ಇದ್ದರೆ ತೆಗೆದು ಪುಟಗಳ ಮೂಲೆ ನೋಡಿ. ನಮ್ಮ ನಿಮ್ಮ ಪುಸ್ತಕಗಳಲ್ಲಿ ಹೆಬ್ಬೆರಳು ತಾಗಿ ತಾಗಿ ಕೆಳಗಿನ ಮೂಲೆ ಸವೆದು ಕಪ್ಪಾಗಿರುತ್ತದೆ. ಅವರದರಲ್ಲಿ ಮೇಲಿನ ಮೂಲೆ ಸವೆದಿರಬೇಕು. ಸವೆದಿದ್ದರೆ ಅದರದೊಂದು ಚಿತ್ರ ತೆಗೆದು ಕಳಿಸಿ.